ಧೂಪ ಮಾರಿದ ಗುರುವಾರಗಳು

ನಮ್ಮ ಮನೆಗೆ ಎರಡು ಕೋಣೆ. ಒಂದರಲ್ಲಿ ನಾವು ನಾಲ್ಕು ಜನ ಇದ್ದೆವು, ಇನ್ನೊಂದರಲ್ಲಿ ಧೂಪ ಇತ್ತು. ಬಂಗಾರಪೇಟೆಯ ರೈಲು ಹಳಿಗೆ ಬೆನ್ನು ಕೊಟ್ಟು ನಿಂತ ಬೀದಿ ನಮ್ಮದು. ಗಾಡಿ ಹೋದಾಗಲೆಲ್ಲ ಗೂಡಿನಲ್ಲಿಟ್ಟ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಒಳಕೋಣೆ ಮೊದಲು ಅಜ್ಜಿಯದಾಗಿತ್ತು. ಅಮ್ಮ ಧೂಪದ ಪುಡಿ ಮಾಡಿ ಮಾರಲು ಶುರು ಮಾಡಿದ ಮೇಲೆ ಅಜ್ಜಿಯ ಚಾಪೆ, ಎಲೆಅಡಿಕೆ ಚೀಲ, ತಾತನ ಫೋಟೊ ಮೂರೂ ನಡುಮನೆಗೆ ಬಂದವು. ಒಳಗೆ ಸಾಂಬ್ರಾಣಿಯ ಗಟ್ಟಿಗಳ ಚೀಲ, ಗುಗ್ಗುಳ, ಗೋಡೆಗೆ ನೇತುಹಾಕಿದ ಲಾವಂಚದ ಬೇರು, ಹಳೆಯ ಸೀರೆಯ ಮೇಲೆ ಒಣಹಾಕಿದ ಬೇವು, ತುಳಸಿ. ಪುಡಿ ಹಾರೀತೆಂದು ಅಲ್ಲಿಯ ಕಿಟಕಿಯನ್ನು ಯಾರೂ ತೆಗೆಯುತ್ತಿರಲಿಲ್ಲ. ಆದರೆ ಆ ವಾಸನೆ ಕಿಟಕಿ ಬಾಗಿಲಿಗೆ ಕೇಳುವಂಥದ್ದಲ್ಲ. ಅದು ಮೊಸರಿಗೆ ಹತ್ತಿತ್ತು, ಹಾಸಿಗೆಗೆ ಹತ್ತಿತ್ತು, ನನ್ನ ಪುಸ್ತಕಗಳಿಗೆ ಹಾಕಿದ ಕಂದು ರಟ್ಟಿಗೂ ಹತ್ತಿತ್ತು. ನಾಲ್ಕನೇ ಕ್ಲಾಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹುಡುಗಿ ಒಂದು ದಿನ ಎದ್ದು ಬೇರೆ ಬೆಂಚಿಗೆ ಹೋದಳು.

"ನಿನ್ ಪಕ್ಕ ಕೂತ್ರೆ ಸತ್ತೋರ ಮನ್ಯಾಗೆ ಕೂತಂಗೆ ಆಯ್ತದೆ ಕಣೇ ರತ್ನಾ."

ಆ ಸಂಜೆ ಎರಡು ಸಲ ಸೀಗೆಪುಡಿ ಹಾಕಿ ತಲೆ ತೊಳೆದುಕೊಂಡೆ. ಒಣಗಿದ ಮೇಲೆ ಮೂಸಿ ನೋಡಿದರೆ ವಾಸನೆ ಹಾಗೇ ಇತ್ತು. ಅಳುತ್ತಾ ಅಮ್ಮನಿಗೆ ಹೇಳಿದೆ. ಅವಳು ನನ್ನ ಜಡೆಯನ್ನು ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, ಈ ಸಲದ ಪುಡಿಯಲ್ಲಿ ಗುಗ್ಗುಳ ಸ್ವಲ್ಪ ಜಾಸ್ತಿಯಾಗಿದೆ ಎಂದಳು. ಅಮ್ಮ ಕೆಟ್ಟವಳಲ್ಲ. ಆ ದಿನಗಳಲ್ಲಿ ಅವಳ ತಲೆಯಲ್ಲಿ ಬೇರೇನೂ ಇರಲಿಲ್ಲ, ಅಷ್ಟೆ.

ಅದಕ್ಕೆ ಮುಂಚೆ ಅವಳು ಕಂಟ್ರಾಕ್ಟರೊಬ್ಬನಿಗೆ ಊದುಬತ್ತಿ ಹೊಸೆದು ಕೊಡುತ್ತಿದ್ದಳು. ಬೆರಳುಗಳು ಊಟ ಮಾಡುವಾಗಲೂ ಕಪ್ಪಗಿರುತ್ತಿದ್ದವು. ಒಂದು ದಿನ ಅವನು ಇಡೀ ವಾರದ ಬತ್ತಿ ಸೊಟ್ಟಗಿದೆ ಎಂದು ವಾಪಸು ಕಳಿಸಿದ. ಅಮ್ಮ ಅದನ್ನೆಲ್ಲ ಒಲೆಗೆ ಹಾಕಿದಳು. ನಮ್ಮ ಬೀದಿ ಅಷ್ಟು ಘಮಘಮಿಸಿದ್ದು ಅದೊಂದೇ ದಿನ. ಮರುದಿನವೇ ಅಜ್ಜಿಯ ಮುಂದೆ ಕೂತು, ಬಾಣಂತಿಯರ ಕೋಣೆಗೆ ಅಜ್ಜಿ ಹಾಕುತ್ತಿದ್ದ ಧೂಪಕ್ಕೆ ಏನೇನು ಸೇರಿಸಬೇಕು ಎಂದು ಕೇಳಿ ತಿಳಿದುಕೊಂಡಳು. ಅಪ್ಪ ಮಾರ್ಕೆಟ್ಟಿನಲ್ಲಿ ಮೂಟೆ ಹೊರುತ್ತಿದ್ದ. ಸಂಜೆ ಬಂದವನಿಗೆ ಅವಳು ಮುದ್ದೆ ಇಡುತ್ತಾ ಹೇಳಿದಳು:

"ನಾನೇ ಮಾಡ್ತೀನಿ, ನಾನೇ ಮಾರ್ತೀನಿ. ನನ್ ಕೈಯಿಂದ ಸೀದಾ ಅವರ ಕೈಗೆ. ಮಧ್ಯದಾಗೆ ಯಾವನೂ ಬ್ಯಾಡ."

"ಮನೆ ಮನೆ ಬಾಗ್ಲು ತಟ್ತೀಯಾ?"

"ತಟ್ತೀನಿ. ಬಾಗ್ಲು ಇರೋದು ಯಾಕೆ ಮತ್ತೆ?"

ಅಪ್ಪ ಸಾರಿಗೆ ಉಪ್ಪಿಲ್ಲ ಎಂದು ಜಗಳ ತೆಗೆದ. ಸಾರಿಗೆ ಉಪ್ಪು ಸರಿಯಾಗಿಯೇ ಇತ್ತು. ಅಜ್ಜಿಯ ತಕರಾರು ಬೇರೆ ಥರದ್ದು. ಅಮ್ಮ ಪ್ರತಿ ಸಲ ಹೊಸ ಪುಡಿ ಕುಟ್ಟಿದಾಗಲೂ ಮುಸ್ಸಂಜೆಗೆ ಕೆಂಡದ ಮೇಲೆ ಚಿಟಿಕೆ ಉದುರಿಸಿ ಮನೆಯ ಮೂಲೆಮೂಲೆಗೂ ಹೊಗೆ ತೋರಿಸಿ ಪರೀಕ್ಷೆ ಮಾಡುತ್ತಿದ್ದಳು. ಆ ಹೊಗೆ ಬೇರೆ ಧೂಪದಂತೆ ಮೇಲೇಳುತ್ತಿರಲಿಲ್ಲ. ನೆಲ ಹಿಡಿದು ಹೋಗಿ, ಗೋಡೆ ಸಿಕ್ಕಮೇಲೆ ಏನನ್ನೋ ತಡವುವಂತೆ ಹತ್ತುತ್ತಿತ್ತು. ಅಜ್ಜಿ ಆಗ ಜಗಲಿಗೆ ಹೋಗಿ ಮನೆಗೆ ಬೆನ್ನು ಮಾಡಿ ಕೂರುತ್ತಿದ್ದಳು.

"ಧೂಪ ಹಾಕೋದು ಅಂದ್ರೆ ಕರಿಯೋದು ಕಣಮ್ಮಿ," ಎಂದು ನನ್ನನ್ನೂ ಎಳೆದು ಪಕ್ಕ ಕೂರಿಸಿಕೊಳ್ಳುತ್ತಿದ್ದಳು. "ಯಾರ್ನ ಕರೀತಾ ಇದೀವಿ ಅಂತ ಗೊತ್ತಿರ್ಬೇಕು. ನಿಮ್ಮಮ್ಮ ದಿನಾ ಕರೀತಾಳೆ, ಬಂದೋರ್ನ ಏನ್ಮಾಡ್ತಾಳೆ?"

ಮೊದಲ ಕೆಲವು ತಿಂಗಳು ಯಾರೂ ಬರಲಿಲ್ಲ, ಕೊಳ್ಳುವವರೂ ಬರಲಿಲ್ಲ. ಬಂಗಾರಪೇಟೆಯಲ್ಲಿ ಅಂಗಡಿಗಳು ಜಾಸ್ತಿ; ಹೊಳೆಯುವ ಡಬ್ಬಿಯ ಧೂಪ ಅಲ್ಲೇ ಸಿಗುವಾಗ ಇವಳ ಪೊಟ್ಟಣ ಯಾರಿಗೆ ಬೇಕು? ಅಮ್ಮ ಯೋಚಿಸಿ ಚಾಂಪಿಯನ್ ರೀಫ್ಸಿನ ಕಡೆ ತಿರುಗಿದಳು. ಅಲ್ಲಿಯ ಚಿನ್ನದ ಗಣಿ ಮುಚ್ಚಿ ಆಗಲೇ ಸ್ವಲ್ಪ ಕಾಲವಾಗಿತ್ತು. ಗಣಿಯವರು ಸಾಲಾಗಿ ಕಟ್ಟಿಸಿದ್ದ ಲೈನ್ ಮನೆಗಳಲ್ಲಿ ಹಳೆಯ ಕೆಲಸಗಾರರ ಸಂಸಾರಗಳಿದ್ದವು, ಅಂಗಡಿ ದೂರವಿತ್ತು. ಶುಕ್ರವಾರದ ಧೂಪಕ್ಕೆಂದು ಗುರುವಾರ ಬೆಳಿಗ್ಗೆಯ ಗಾಡಿ ಹತ್ತಿ ಹೋಗುತ್ತಿದ್ದಳು. ಅಲ್ಲಿಯೂ ಮೊದಮೊದಲು ಬಾಗಿಲಲ್ಲೇ ಬೇಡವೆಂದು ಕಳಿಸುತ್ತಿದ್ದರು. ಅವಳು ತಾನಾಗಿಯೇ ಒಂದೊಂದು ಪಾಠ ಕಲಿತಳು. ಬೆಲೆ ಹೇಳುವ ಮುಂಚೆ ಹೊಗೆ ತೋರಿಸಬೇಕು. ಅದಕ್ಕಾಗಿ ಅವರ ಒಲೆಯಿಂದಲೇ ಎರಡು ಕೆಂಡ ಕೇಳಬೇಕು. ಕೆಂಡ ಕೊಟ್ಟವರು ಒಳಗೆ ಕರೆಯದೆ ಇರುವುದಿಲ್ಲ. ಒಳಗೆ ಹೋದಮೇಲೆ ಧೂಪದ ಮಾತೆತ್ತಬಾರದು, ಮನೆಯ ಮಾತಾಡಬೇಕು. ಪೊಟ್ಟಣ ಮುಗಿಯುವ ವಾರ ಯಾವುದೆಂದು ಅವರಿಗಿಂತ ಮುಂಚೆ ತನಗೆ ಗೊತ್ತಿರಬೇಕು. ಅವಳಿಗೆ ಬರೆಯಲು ಬರುತ್ತಿರಲಿಲ್ಲ. ಹಾಗಾಗಿ ಸಂಜೆ ಮುದ್ದೆ ಕಟ್ಟುತ್ತಾ ಎಲ್ಲವನ್ನೂ ಜೋರಾಗಿ ಒಪ್ಪಿಸುತ್ತಿದ್ದಳು: ಮೂಲೆಮನೆಯಲ್ಲಿ ಸೊಸೆಗೆ ಏಳು ತಿಂಗಳು, ಹುಣಸೆಮರದ ಮನೆಯಲ್ಲಿ ಮಗಳ ಮದುವೆ ಮುಂದಕ್ಕೆ ಹೋಯಿತು, ನೀಲಿ ಬಾಗಿಲವರಿಗೆ ಬೇವಿನ ವಾಸನೆ ಆಗದು. ನಾನು ನೋಡಿರದ ಆ ಲೈನಿನ ಜನ ದಿನವೂ ನಮ್ಮ ಊಟಕ್ಕೆ ಬರುತ್ತಿದ್ದರು. ಅಪ್ಪ ಗೊಣಗಿದರೂ ಕಿವಿಗೊಡುತ್ತಿದ್ದ. ಒಂದು ದಿನ ಅವನೇ ಆ ಸೊಸೆಗೆ ಹೆರಿಗೆಯಾಯಿತಾ ಎಂದು ಕೇಳಿದ. ಇಷ್ಟೆಲ್ಲ ಮಾಡಿದ ಮೇಲೆ ವ್ಯಾಪಾರ ಕುಂಟುತ್ತಾ ನಡೆಯತೊಡಗಿತು.

ದಸರಾ ರಜೆಯಲ್ಲಿ ಅವಳು ನನ್ನನ್ನೂ ಕರೆದುಕೊಂಡು ಹೋದಳು. ಗಾಡಿಯ ಕಿಟಕಿಯಿಂದ ಚಿನ್ನ ತೆಗೆದ ಮೇಲೆ ಸುರಿದ ಬೂದಿ ಬಣ್ಣದ ಮಣ್ಣಿನ ಸೈನೈಡ್ ಗುಡ್ಡಗಳು ಕಂಡವು. ಅವುಗಳ ಮೇಲೆ ಒಂದು ಹುಲ್ಲು ಕೂಡ ಇರಲಿಲ್ಲ, ಗಾಳಿಗೆ ಅಂಚಿನಿಂದ ಪುಡಿ ಏಳುತ್ತಿತ್ತು. ಲೈನ್ ಮನೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು, ಎರಡು ಮನೆಗೆ ನಡುವೆ ಒಂದೇ ಗೋಡೆ. ನಾಲ್ಕನೆಯದೋ ಐದನೆಯದೋ ಮನೆ ಕನಗಮ್ಮನದು. ತಮಿಳಿನ ಮುದುಕಿ, ಒಬ್ಬಳೇ ಇದ್ದಳು. ಅಮ್ಮ ಅಲ್ಲಿಗೆ ಹೊಸದಾಗಿ ಹೋದದ್ದು ಅವತ್ತೇ. ಅವಳ ಬಗ್ಗೆ ನಮಗೇನೂ ಗೊತ್ತಿರಲಿಲ್ಲ. ಕೆಂಡ ಕೊಟ್ಟಳು, ಕೂರಲು ಮಣೆ ಕೊಟ್ಟಳು. ಅಮ್ಮ ಪುಡಿ ಉದುರಿಸಿದಳು. ಹೊಗೆ ಎಂದಿನಂತೆ ನೆಲ ಹಿಡಿದು ಹೋಗಿ, ಬಾಗಿಲ ಎಡಗಡೆಯ ಖಾಲಿ ಜಾಗದಲ್ಲಿ ಸುಳಿಯಿತು. ಆಗ ಅಲ್ಲಿ ಯಾರೋ ಕೆಮ್ಮಿದರು. ಗಟ್ಟಿ ಕೆಮ್ಮಲ್ಲ. ಎದೆಯೊಳಗೆ ಜಲ್ಲಿ ಸುರಿದಂತೆ, ಉದ್ದಕ್ಕೆ, ಕೊನೆಯಲ್ಲಿ ಉಸಿರು ಸಿಗದೆ ನಿಂತುಹೋದಂತೆ. ಹೊಗೆ ಯಾರಿಗೋ ಆಗುತ್ತಿಲ್ಲ ಎಂದುಕೊಂಡು ನಾನು ಅಮ್ಮನ ಸೆರಗು ಎಳೆದೆ.

"ಅಮ್ಮಾ, ತಾತ ಕೆಮ್ತಾ ಅವ್ರೆ. ಒಗೆ ಸಾಕು."

ಅಮ್ಮ ಸುತ್ತ ನೋಡಿದಳು. ಕನಗಮ್ಮ ಕೈಲಿದ್ದ ಚೊಂಬನ್ನು ಕೆಳಗಿಟ್ಟಳು.

"ಎಂದ ತಾತ, ಪಾಪಾ? ಯಾವ ತಾತ? ಎಲ್ಲಿ?"

ನಾನು ಬಾಗಿಲ ಎಡಗಡೆಗೆ ಬೆರಳು ತೋರಿಸಿದೆ. ಅಲ್ಲಿ ಯಾರೂ ಇಲ್ಲ ಎನ್ನುವುದು ನನಗೆ ಅರ್ಥವಾದದ್ದು ಬೆರಳು ತೋರಿಸಿದ ಮೇಲೆ. ನೆಲದ ಮೇಲೆ ಮಂಚದ ನಾಲ್ಕು ಕಾಲು ಒತ್ತಿದ ಗುರುತು ಮಾತ್ರ ಇತ್ತು. ಕನಗಮ್ಮ ನಿಧಾನವಾಗಿ ಬಂದು ಆ ಗುರುತುಗಳ ನಡುವೆ ಕೂತಳು. ಅವಳ ಗಂಡ ಮೂವತ್ತು ವರ್ಷ ಗಣಿಯೊಳಗೆ ಕಲ್ಲು ಕೊರೆದವನು. ಎದೆಗೆ ದೂಳು ಕೂತು, ಕೆಮ್ಮಿ ಕೆಮ್ಮಿ, ಅದೇ ಜಾಗದಲ್ಲಿ ಏಳು ತಿಂಗಳ ಹಿಂದೆ ಹೋಗಿದ್ದ.

"ನಾನು ಕೂಗಿ ಕೂಗಿ ಕೇಳ್ದೆ, ಒಂದು ದಿನಾನೂ ನಂಗೆ ಕೇಳಿಸ್ಲಿಲ್ಲಮ್ಮಾ," ಎಂದಳು. ನನಗಲ್ಲ, ಅಮ್ಮನಿಗೆ. "ನಿನ್ ಕೊಳಂದೆಗೆ, ಈ ಮಗೂಗೆ ಕೇಳಿಸ್ತು."

ಅಳುತ್ತಲೇ ಚೀಲದಲ್ಲಿದ್ದ ಪೊಟ್ಟಣಗಳನ್ನೆಲ್ಲ ತೆಗೆದುಕೊಂಡಳು. ಅಮ್ಮ ಇಷ್ಟೆಲ್ಲ ಬೇಡ ಎಂದದ್ದನ್ನು ನಾನು ಕೇಳಿದೆ. ಅವಳು ಒಬ್ಬ ಗಿರಾಕಿಗೆ ಬೇಡ ಎಂದದ್ದನ್ನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ವಾಪಸು ಬರುವಾಗ ಗಾಡಿಯಲ್ಲಿ ನನ್ನನ್ನು ಕಿಟಕಿಯಿಂದ ಈಚೆಗೆ ಎಳೆದು ಕೂರಿಸಿಕೊಂಡಳು. ಬಂಗಾರಪೇಟೆಯವರೆಗೂ ಕೈ ಬಿಡಲಿಲ್ಲ. ಅಜ್ಜಿಗೆ ಹೇಳಿದಾಗ ಅಜ್ಜಿ ಉಪ್ಪು, ಮೆಣಸಿನಕಾಯಿ, ಪೊರಕೆಕಡ್ಡಿ ಹಿಡಿದು ನನಗೆ ದೃಷ್ಟಿ ತೆಗೆದಳು. ಒಲೆಗೆ ಹಾಕಿದ ಮೆಣಸಿನಕಾಯಿಗೆ ಘಾಟು ಬರಲಿಲ್ಲ. ಅಜ್ಜಿ ಅಮ್ಮನ ಮುಖ ನೋಡಿದಳು. ಅಪ್ಪ ಮಾತ್ರ ನಕ್ಕುಬಿಟ್ಟ.

"ಒಂದೇ ಗೋಡೆ ಕಣ್ರೇ ಆ ಮನೆಗಳಿಗೆ. ಪಕ್ಕದ್ಮನೆ ಮುದ್ಕ ಕೆಮ್ಮವ್ನೆ. ಆ ಊರಾಗೆ ಕೆಮ್ಮದೆ ಇರೋನು ಯಾವನವ್ನೆ?"

ಆ ಮಾತು ನಮಗೆಲ್ಲ ಸಮಾಧಾನ ಕೊಟ್ಟಿತು. ಪಕ್ಕದ ಮನೆಯಲ್ಲಿ ನಿಜಕ್ಕೂ ಒಬ್ಬ ಮುದುಕನಿದ್ದ. ಅಮ್ಮನಿಗೆ ಹೆಚ್ಚೇ ಸಮಾಧಾನವಾಯಿತು ಎಂದು ಈಗ ಅನ್ನಿಸುತ್ತದೆ. ಹೆದರಿಕೆ ಹೋದ ಜಾಗದಲ್ಲಿ ಅವಳಿಗೆ ಬೇರೇನೋ ಹೊಳೆಯಲು ಜಾಗವಾಯಿತು.

ಮುಂದಿನ ಗುರುವಾರ ಅವಳು ಒಬ್ಬಳೇ ಹೋದಾಗ ಆ ಲೈನಿನ ಆರು ಬಾಗಿಲುಗಳಲ್ಲಿ ಹೆಂಗಸರು ಕಾದು ನಿಂತಿದ್ದರಂತೆ. ಧೂಪ ಕೇಳಲಿಲ್ಲ, ಮಗು ಎಲ್ಲಿ ಎಂದು ಕೇಳಿದರಂತೆ. ಅದರ ಮುಂದಿನ ಗುರುವಾರ ನನಗೆ ರಜೆ ಮುಗಿದಿತ್ತು. ಅಮ್ಮ ನನಗೆ ತಲೆ ಬಾಚುತ್ತಾ, ಕನ್ನಡಿಯಲ್ಲಿ ನನ್ನ ಕಣ್ಣು ತಪ್ಪಿಸಿ ಹೇಳಿದಳು:

"ಇವತ್ತೊಂದಿನ ಸ್ಕೂಲು ಬಿಟ್ಟು ಬಾ. ಏನೂ ಅನ್ನೋದು ಬ್ಯಾಡ. ಏನಾರ ಕೇಳಿಸಿದ್ರೆ ಅನ್ನು, ಅಷ್ಟೆ."

ಕೇಳಿಸಲಿಲ್ಲ. ಆ ದಿನ ಆರು ಮನೆಯಲ್ಲೂ ಹೊಗೆ ಸುಮ್ಮನೆ ಹೊಗೆಯಾಗಿತ್ತು. ಮೊದಲ ಮನೆಯಲ್ಲಿ ನಾನು ತಲೆಯಾಡಿಸಿದಾಗ ಆ ಹೆಂಗಸಿನ ಮುಖ ಸಣ್ಣದಾಯಿತು, ಅಮ್ಮನ ಮುಖವೂ. ಎರಡನೆಯ ಮನೆಯ ಗೋಡೆಯಲ್ಲಿ ಒಂದು ಮೊಳೆಗೆ ಗಣಿಯ ಟೋಪಿ ನೇತುಬಿದ್ದಿತ್ತು, ಅದರ ಕೆಳಗೆ ಯಾರೋ ತಲೆ ಒರಗಿಸಿ ಒರಗಿಸಿ ಗೋಡೆಗೆ ಎಣ್ಣೆ ಹಿಡಿದಿತ್ತು. ನಾನು ಆ ಗುರುತನ್ನೇ ನೋಡುತ್ತಾ, ಇಲ್ಲಿ ಯಾರೋ ಕೂತಿದ್ದಾರೆ ಎಂದೆ. ಆ ಮನೆಯವಳು ಬಾಯಿಗೆ ಸೆರಗು ಅಡ್ಡ ಹಿಡಿದಳು. ಅಷ್ಟು ಸುಲಭವಿತ್ತು ಅದು. ನಾನು ಒಂದು ಮಾತು ಹೇಳಿದರೆ ಉಳಿದದ್ದನ್ನು ಅವರೇ ಹೇಳಿಕೊಳ್ಳುತ್ತಿದ್ದರು. ಒಂದು ಮನೆಯಲ್ಲಿ, ಏನೋ ಕೇಳುತ್ತಿದ್ದಾರೆ ಎಂದಷ್ಟೇ ಅಂದೆ. ಅತ್ತೆ, ನೀರು ಎಂದಳು. ಸೊಸೆ, ಅಲ್ಲ, ಮೊಮ್ಮಗಳನ್ನು ಎಂದಳು. ಇಬ್ಬರೂ ಅದೇ ಮಾತಿಗೆ ಜಗಳವಾಡಿ, ಬೇರೆಬೇರೆಯಾಗಿ ಪೊಟ್ಟಣ ಕೊಂಡರು.

ಅಮ್ಮ ಇದನ್ನು ನಾಟಕವೆಂದು ತಿಳಿದಳು. ಅವಳಿಗೆ ಹಾಗೆಂದು ತಿಳಿದಿದೆ ಎನ್ನುವುದು ನನಗೂ ಗೊತ್ತಿತ್ತು. ನಾವು ಅದರ ಬಗ್ಗೆ ಒಂದು ದಿನವೂ ಮಾತಾಡಲಿಲ್ಲ. ಆದರೆ ಸಂಜೆ ಮುದ್ದೆ ಕಟ್ಟುತ್ತಾ ಅವಳು ಒಪ್ಪಿಸುತ್ತಿದ್ದ ಪಾಠ ಬದಲಾಯಿತು. ಈಗ ಬಸುರಿಯರೂ ಮದುವೆಯ ಹುಡುಗಿಯರೂ ಅದರಲ್ಲಿ ಇರಲಿಲ್ಲ. ಮೂಲೆಮನೆಯಲ್ಲಿ ಮಾವ, ಸಿಡಿಮದ್ದಿಗೆ ಸಿಕ್ಕಿ ಬಲಗೈ ಇರಲಿಲ್ಲ, ಬೀಡಿ ಸೇದುತ್ತಿದ್ದ. ಹುಣಸೆಮರದ ಮನೆಯಲ್ಲಿ ಅಣ್ಣತಮ್ಮ ಇಬ್ಬರೂ. ನೀಲಿ ಬಾಗಿಲಿನಲ್ಲಿ ಹೆಣ್ಣುಮಗು, ಎರಡು ವರ್ಷದ್ದು, ಜ್ವರ. ಅಮ್ಮ ಯಾರಿಗೂ ಅಲ್ಲವೆಂಬಂತೆ ಒಪ್ಪಿಸುತ್ತಿದ್ದಳು, ನಾನು ಕೇಳಿಸಿಕೊಳ್ಳದವಳಂತೆ ಊಟ ಮಾಡುತ್ತಿದ್ದೆ. ಒಂದು ಹೆಸರೂ ಮರೆಯುತ್ತಿರಲಿಲ್ಲ. ಒಂದು ಸಂಜೆ ಅಜ್ಜಿ ಅರ್ಧ ಮುದ್ದೆಗೇ ತಟ್ಟೆ ತಳ್ಳಿ ಎದ್ದಳು.

"ಇಷ್ಟು ಜನ ಸತ್ತೋರ್ನ ಕೂರ್ಸಿ ಊಟಕ್ಕೆ ಇಕ್ತೀಯಲ್ಲಮ್ಮಾ. ನಂಗೆ ಜಾಗ ಎಲ್ಲೈತೆ?"

ಅಂದಿನಿಂದ ಅವಳು ನಾವು ಉಂಡು ಎದ್ದ ಮೇಲೆ ಒಬ್ಬಳೇ ಊಟ ಮಾಡಿದಳು. ಅಪ್ಪ ಅಜ್ಜಿಯ ಪರವಾಗಿ ಒಂದು ಸಲ ಕೂಗಾಡಿದ. ಅಷ್ಟರಲ್ಲಿ ಮನೆಗೆ ಹೊಸ ಮಿಕ್ಸಿ ಬಂದಿತ್ತು. ಪ್ಲಾಸ್ಟಿಕ್ ಕವರಿನ ಬಾಯನ್ನು ಗರಗಸದ ಬ್ಲೇಡಿಗೆ ಮಡಿಸಿ ಮೇಣದಬತ್ತಿಗೆ ಹಿಡಿದು ಅಂಟಿಸುವ ಕೆಲಸ ಅಪ್ಪನಿಗೇ ಬಿದ್ದಿತ್ತು. ಅವನು ಕೂಗಾಡುತ್ತಲೇ ಕವರು ಅಂಟಿಸಿದ. ನನಗೆ ಗುರುವಾರದ ಗಾಡಿ ಇಳಿದ ಕೂಡಲೇ ಸ್ಟೇಷನ್ನಿನ ಹೊರಗೆ ಮೊಟ್ಟೆ ಪಫ್ಸ್ ಸಿಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಗಾಡಿಯಲ್ಲಿ ಅಮ್ಮ ಖಾಲಿ ಚೀಲವನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡು ನನ್ನ ತಲೆಯನ್ನು ತನ್ನ ಭುಜಕ್ಕೆ ಒರಗಿಸಿಕೊಳ್ಳುತ್ತಿದ್ದಳು. ಅದಕ್ಕಾಗಿ ನಾನು ಯಾರನ್ನು ಬೇಕಾದರೂ ಕೇಳಿಸಿಕೊಳ್ಳಲು ತಯಾರಿದ್ದೆ. ಇವತ್ತಿಗೂ ಯಾರ ಮನೆಗೆ ಕಾಲಿಟ್ಟರೂ ನಾನು ಮೊದಲು ನೋಡುವುದು ಗೋಡೆಯನ್ನು, ಆಮೇಲೆ ಮೊಳೆಯನ್ನು, ಆಮೇಲೆ ಜನರ ಮುಖವನ್ನು. ಯಾರು ಏನು ಕೇಳಲು ಕಾದಿದ್ದಾರೆ ಎನ್ನುವುದು ಅವರು ಬಾಯಿ ತೆರೆಯುವ ಮುಂಚೆಯೇ ತಿಳಿದುಬಿಡುತ್ತದೆ. ನಾನು ಈಗ ಕ್ಯಾಸಂಬಳ್ಳಿಯಲ್ಲಿ ಟೀಚರು. ಮಕ್ಕಳ ಮನಸ್ಸು ನಿಮಗೆ ಚೆನ್ನಾಗಿ ತಿಳಿಯುತ್ತದೆ ಎಂದು ಜೊತೆಯವರು ಹೊಗಳಿದಾಗ ನಾನು ಬೇರೆ ಮಾತು ತೆಗೆಯುತ್ತೇನೆ.

ಕನಗಮ್ಮನ ಮನೆಯಲ್ಲಿ ಮಾತ್ರ ನಾನು ಸುಳ್ಳು ಹೇಳಲು ಹಿಂಜರಿಯುತ್ತಿದ್ದೆ. ಅಷ್ಟರಲ್ಲಿ ಅವಳು, ತಮಿಳಿನಲ್ಲಿ ಅಜ್ಜಿಗೆ ಅನ್ನುವಂತೆ, ನನಗೆ ಪಾಟಿಯಾಗಿದ್ದಳು. ಆದರೂ ಪ್ರತಿ ವಾರ ಅವಳು ಕೇಳುತ್ತಿದ್ದಳು, ಅಮ್ಮ ನನ್ನ ಕಡೆ ನೋಡುತ್ತಿದ್ದಳು, ನಾನು ಹೂಂ ಎನ್ನುತ್ತಿದ್ದೆ. ಅವಳು ಮಂಚವನ್ನು ಮತ್ತೆ ಆ ಗುರುತುಗಳ ಮೇಲೆ ತಂದು ಹಾಕಿಸಿದ್ದಳು. ಮಂಚದ ಪಕ್ಕ ಒಂದು ಲೋಟ ಬಿಸಿನೀರು. ಒಂದು ದಿನ ಅದರ ಮೇಲೆ ಮುಚ್ಚಿದ ತಟ್ಟೆಯನ್ನು ಅವಳು ಸರಿಸಿ, ನೀರು ಎಷ್ಟು ಇಳಿದಿದೆ ನೋಡು ಎಂದು ನನಗೆ ತೋರಿಸಿದಳು. ನೀರು ಇಳಿದಿತ್ತೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಇಳಿದಿದೆ ಎಂದೆ.

ಬೇಸಿಗೆ ಶುರುವಾದಾಗ ಅವಳ ಮಗ ನಮ್ಮ ಮನೆ ಹುಡುಕಿಕೊಂಡು ಬಂದ. ಶೇಖರ್ ಎಂದು ಹೆಸರು, ಹೊಸೂರಿನ ಫ್ಯಾಕ್ಟರಿಯಲ್ಲಿ ಕೆಲಸ. ಜಗಳಕ್ಕೆ ಬಂದಿದ್ದಾನೆಂದು ಅಪ್ಪ ಎದ್ದು ನಿಂತ. ಅವನು ಚಪ್ಪಲಿ ಬಿಟ್ಟು ಒಳಗೆ ಬಂದು, ನೆಲದ ಮೇಲೆ ಕೂತು, ಅಮ್ಮನಿಗೆ ಕೈಮುಗಿದ.

"ಅಕ್ಕಾ, ಮೂರು ಸಲ ಕರಿಯೋಕ್ ಬಂದೆ. ಬರಲ್ಲ ಅಂತಾಳೆ. ನಿಮ್ಮಪ್ಪ ಇಲ್ಲೇ ಅವ್ರೆ, ಬಿಟ್ಟು ಎಂಗೆ ಬರ್ಲಿ ಅಂತಾಳೆ. ಮನೆ ಮೇಲ್ಚಾವಣಿ ಒಂದು ಕಡೆ ಬಿದ್ದೋಗೈತೆ. ಪಕ್ಕದ ತಾತ ಸತ್ತೋಗಿ, ಅವ್ರ್ ಮನೆಯವ್ರೂ ಖಾಲಿ ಮಾಡ್ಕೊಂಡು ಹೋದ್ರು. ರಾತ್ರಿ ಅವ್ಳು ಬಿದ್ರೆ ನೋಡೋರಿಲ್ಲ. ಒಂದೊತ್ತು ಊಟ ಬಿಟ್ಟು ಅಪ್ಪನ ಮಂಚಕ್ಕೆ ಇಡ್ತಾಳೆ. ನೀವು ಬೈದ್ರೂ ಪರವಾಗಿಲ್ಲ, ಈ ಮಗು ಬಂದು, ಅವ್ರು ಹೊರಟೋದ್ರು ಅಂತ ಒಂದು ಮಾತು ಅಂದ್ಬಿಡ್ಲಿ. ಅಮ್ಮ ಬೇರೆ ಯಾರ ಮಾತೂ ಕೇಳಲ್ಲ."

ಅಮ್ಮನ ಕಣ್ಣು ಒಳಕೋಣೆಯ ಕಡೆ ಹೋಯಿತು. ಆ ಲೈನಿನ ವ್ಯಾಪಾರ ನಿಂತಿದ್ದೇ ಆ ಒಂದು ಕೆಮ್ಮಿನ ಮೇಲೆ; ಅದು ಹೊರಟುಹೋಯಿತು ಎಂದರೆ ಉಳಿದ ಮನೆಗಳ ಸತ್ತವರೂ ಹೊರಟುಹೋಗುತ್ತಾರೆ. ಅದನ್ನು ಅವಳು ಯೋಚಿಸುತ್ತಿದ್ದಾಳೆಂದು ನನಗೆ ತಿಳಿಯಿತು, ಅಜ್ಜಿಗೂ ತಿಳಿಯಿತು.

"ಓಗಿ ಬಾ ತಾಯಿ," ಎಂದು ಅಜ್ಜಿ ಜಗಲಿಯಿಂದಲೇ ಅಮ್ಮನಿಗೆ ಅಂದಳು. "ಕರ್ದೋಳು ನೀನು. ಕಳಿಸೋಳೂ ನೀನೇ."

ಮರುದಿನ ಬೆಳಗಿನ ಗಾಡಿಗೆ ಶೇಖರ್, ಅಮ್ಮ, ನಾನು ಮೂವರೂ ಹೋದೆವು. ಅದು ಗುರುವಾರವಲ್ಲ, ಅಮ್ಮನ ಕೈಯಲ್ಲಿ ಒಂದೇ ಪೊಟ್ಟಣವಿತ್ತು. ಲೈನು ಬಿಸಿಲಿಗೆ ಬೆಳ್ಳಗೆ ಬಿದ್ದುಕೊಂಡಿತ್ತು. ಕನಗಮ್ಮನ ಪಕ್ಕದ ಮನೆಯ ಬಾಗಿಲನ್ನು ಯಾರೋ ಕಿತ್ತುಕೊಂಡು ಹೋಗಿದ್ದರು. ನಾನು ಒಳಗೆ ಬಗ್ಗಿ ನೋಡಿದೆ. ಹೆಂಚು ತೆಗೆದ ಮಾಡಿನಿಂದ ನೆಲದ ಮೇಲೆ ಚೌಕ ಚೌಕವಾಗಿ ಬಿಸಿಲು ಬಿದ್ದಿತ್ತು. ಒಂದು ನಾಯಿ ಕೂಡ ಇರಲಿಲ್ಲ. ಕನಗಮ್ಮ ಬಹಳ ಇಳಿದುಹೋಗಿದ್ದಳು. ಮಗನನ್ನು ನೋಡಿ ಅವಳಿಗೆ ಎಲ್ಲ ಅರ್ಥವಾಗಿರಬೇಕು. ಕೆಂಡ ತಂದಳು. ಅಮ್ಮ ಉದುರಿಸುವಾಗ ಪುಡಿ ಜಾಸ್ತಿ ಬಿತ್ತು. ಹೊಗೆ ನೆಲ ಹಿಡಿದು ಹೋಗಿ ಮಂಚದ ಕಾಲುಗಳನ್ನು ಸುತ್ತಿತು. ಶೇಖರ್ ಬಾಗಿಲ ಹೊರಗೆ ನಿಂತು ನನ್ನನ್ನೇ ನೋಡುತ್ತಿದ್ದ. ನಾನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದ ಮಾತು ನಾಲಿಗೆಯ ಮೇಲೆ ಇತ್ತು. ಆಗ ಕೆಮ್ಮು ಬಂತು.

ಅಷ್ಟು ವಾರ ಸುಳ್ಳು ಹೇಳಿ ಹೇಳಿ, ಮೊದಲ ಸಲದ್ದೂ ಸುಳ್ಳೇ ಇರಬೇಕೆಂದು ನನಗೇ ಅನ್ನಿಸತೊಡಗಿತ್ತು. ಅಪ್ಪನ ಗೋಡೆಯ ಮಾತನ್ನು ನಂಬಿದ್ದೆ. ಈಗ ಗೋಡೆಯ ಆಚೆ ಯಾರೂ ಇರಲಿಲ್ಲ. ಅದೇ ಜಲ್ಲಿ ಸುರಿದ ಸದ್ದು, ಅದೇ ಉದ್ದ, ಕೊನೆಯಲ್ಲಿ ಅದೇ ಉಸಿರು ಸಿಗದೆ ನಿಲ್ಲುವುದು. ನನ್ನ ಮೊಣಕೈಯ ಹತ್ತಿರ, ಮಂಚದ ಮೇಲಿಂದ. ಹಾಸಿದ್ದ ಜಮಖಾನ ಅಲುಗಲಿಲ್ಲ. ನನಗೆ ಅಮ್ಮನನ್ನು ಅಪ್ಪಿಕೊಳ್ಳಬೇಕೆನ್ನಿಸಿತು.

"ಕೇಳಿಸ್ತಾ, ಕಣ್ಣು?" ಎಂದಳು ಕನಗಮ್ಮ.

"ಇಲ್ಲ ಪಾಟಿ," ಎಂದೆ. "ಯಾರೂ ಇಲ್ಲ. ಹೊರಟೋದ್ರು."

ಅವಳು ನನ್ನ ಗಲ್ಲ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿಕೊಂಡಳು. ಆಗಷ್ಟೇ ನನಗೆ ಗೊತ್ತಾದದ್ದು, ನಾನು ಅಷ್ಟು ಹೊತ್ತೂ ಮಂಚವನ್ನೇ ನೋಡುತ್ತಿದ್ದೆ ಎಂದು. ಅವಳು ಬಹಳ ಹೊತ್ತು ನೋಡಿದಳು. ಅವಳ ಕಣ್ಣಿನಲ್ಲಿ ಸಿಟ್ಟಿರಲಿಲ್ಲ.

"ನಲ್ಲ ಪಿಳ್ಳೆ," ಎಂದಳು, ಒಳ್ಳೆಯ ಮಗು ಎಂದು. ಆಮೇಲೆ ಮಂಚದ ಕಡೆ ತಿರುಗಿ ತಮಿಳಿನಲ್ಲಿ, ಪಕ್ಕದಲ್ಲಿ ಮಲಗಿದವನಿಗೆ ಹೇಳುವಷ್ಟು ಮೆಲ್ಲಗೆ, ಮಗ ಕರೆಯಲು ಬಂದಿದ್ದಾನೆ, ನಾನು ಹೋಗಿಬರುತ್ತೇನೆ ಎಂದಳು. ಮಗನಿಗೆ ಮಾತ್ರ ಕನ್ನಡದಲ್ಲಿ ಗಟ್ಟಿಯಾಗಿ ಹೇಳಿದಳು: "ಪೆಟ್ಟಿಗೆ ಎತ್ಕೋಪ್ಪಾ. ಹೊರಡೋಣ."

ಒಂದು ಟ್ರಂಕು, ಒಂದು ಕುಕ್ಕರು, ಒಂದು ಮೂಟೆ ಬಟ್ಟೆ. ಆಟೋ ಬಂತು. ಶೇಖರ್ ಜೇಬಿನಿಂದ ಹೊಸ ಬೀಗ ತೆಗೆದು ಬಾಗಿಲಿಗೆ ಹಾಕಲು ಹೋದ. ಅವಳು ಅವನ ಕೈ ಹಿಡಿದಳು.

"ಬೀಗ ಬೇಡ. ಚಿಲಕ ಸಾಕು. ಅದನ್ನೂ ಗಟ್ಟಿಯಾಗಿ ಹಾಕ್ಬೇಡ."

ಆಟೋ ಹೋದ ಮೇಲೆ ಅಮ್ಮ ನಾನು ಚಾಂಪಿಯನ್ ಸ್ಟೇಷನ್ನಿಗೆ ನಡೆದೆವು. ಬಂಗಾರಪೇಟೆಯವರೆಗೂ ಅವಳು ಒಂದು ಮಾತು ಕೇಳಲಿಲ್ಲ. ಮನೆಗೆ ಬಂದ ಮೇಲೆ ಅಪ್ಪ ಏನಾಯಿತು ಎಂದರೆ, ಹೋದಳು ಎಂದಷ್ಟೇ ಹೇಳಿದಳು. ಅಂದು ಸಂಜೆ ಮುದ್ದೆ ಕಟ್ಟುವಾಗ ಯಾರ ಹೆಸರನ್ನೂ ಒಪ್ಪಿಸಲಿಲ್ಲ. ಅಜ್ಜಿ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ, ಬಂದು ನಮ್ಮ ಜೊತೆ ಕೂತಳು. ಮುಂದಿನ ಗುರುವಾರ ಅಮ್ಮ ನನ್ನ ಸ್ಕೂಲಿನ ಚೀಲವನ್ನು ತಾನೇ ತಂದು ಹೆಗಲಿಗೆ ಹಾಕಿದಳು. ಆ ಲೈನಿನವರು ಎರಡು ಮೂರು ವಾರ ನನ್ನನ್ನು ಕೇಳಿದರಂತೆ, ಆಮೇಲೆ ಕೊಳ್ಳುವುದನ್ನೇ ಬಿಟ್ಟರಂತೆ. ಅಮ್ಮ ಜಗಳವಾಡಲಿಲ್ಲ, ಅಳಲೂ ಇಲ್ಲ. ಮತ್ತೆ ಮೊದಲಿನಿಂದ ಶುರು ಮಾಡಿದಳು, ಈ ಸಲ ಹಳ್ಳಿಗಳ ಕಡೆಗೆ, ಬಸ್ಸಿನಲ್ಲಿ, ಬಾಣಂತಿಯರಿರುವ ಮನೆಗಳನ್ನು ಕೇಳಿಕೊಂಡು. ವ್ಯಾಪಾರ ದೊಡ್ಡದಾಗಲಿಲ್ಲ. ನಿಲ್ಲಲೂ ಇಲ್ಲ.

ಅಜ್ಜಿ, ಅಪ್ಪ ಇಬ್ಬರೂ ಈಗಿಲ್ಲ. ಅಮ್ಮ ಅದೇ ಮನೆಯಲ್ಲಿದ್ದಾಳೆ, ತಿಂಗಳಿಗೊಮ್ಮೆ ಗೊತ್ತಿರುವ ನಾಲ್ಕು ಮನೆಗಳಿಗೆ ಆಗುವಷ್ಟು ಪುಡಿ ಮಾಡುತ್ತಾಳೆ. ಹೋದ ಬೇಸಿಗೆಯಲ್ಲಿ ನಾನು ಅವಳ ಜೊತೆ ಕೂತು ಪುಡಿ ಜರಡಿ ಹಿಡಿಯುತ್ತಿದ್ದೆ. ಅವಳು ಕವರಿಗೆ ತುಂಬುತ್ತಿದ್ದಳು. ಬೇರೇನೋ ಮಾತಿನ ನಡುವೆ, ತಲೆ ಎತ್ತದೆ ಕೇಳಿದಳು:

"ಅವತ್ತು ನಿಂಗೆ ಕೇಳಿಸ್ತಲ್ವಾ?"

ಯಾವತ್ತು ಎಂದು ನಾನು ಕೇಳಲಿಲ್ಲ. ಹೂಂ ಎಂದೆ.

"ಗೊತ್ತಿತ್ತು," ಎಂದಳು. "ನೀನು ನಾಟ್ಕ ಆಡ್ತಿದ್ದೀಯ ಅಂದ್ಕೊಂಡಿದ್ದಷ್ಟು ದಿನ ನಂಗೆ ಒಂಚೂರೂ ಭಯ ಇರ್ಲಿಲ್ಲ. ಅವತ್ತು ನಿನ್ ಮಕ ನೋಡ್ದೆ. ನಾಟ್ಕ ಆಡೋ ಮಕ ಅಲ್ಲ ಅದು. ಇನ್ಮೇಲೆ ಈ ಮಗೀನ ಯಾರ ಬಾಗ್ಲಿಗೂ ಕರ್ಕೊಂಡೋಗ್ಬಾರ್ದು ಅಂತ ಅಲ್ಲೇ ಅಂದ್ಕೊಂಡೆ."

"ಗಾಡೀಲಿ ಯಾಕೆ ಕೇಳ್ಲಿಲ್ಲಮ್ಮಾ? ಇಷ್ಟು ವರ್ಷ ಯಾಕೆ ಕೇಳ್ಲಿಲ್ಲ?"

ಅಮ್ಮ ಒಂದು ಕವರಿನ ಬಾಯಿ ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದಳು.

"ಕೇಳಿದ್ರೆ ನೀನು ನಿಜ ಅಂದ್ಬಿಡ್ತಿದ್ದೆ," ಎಂದಳು. "ನಿನ್ ಬಾಯಿಂದ್ಲೇ ನಿಜ ಅಂತ ಬಂದ್ಮೇಲೆ ಅದನ್ನೂ ನಾನು ಮಾರ್ದೆ ಇರ್ತಿದ್ನಾ?"